ಮನೆಯ ನಾಯಿಗಿಂತ ಮೋರಿಯ ಹೆಗ್ಗಣವೇ ನಮಗೆ ಹತ್ತಿರದ ನಂಟ: ಪ್ರೈಮೇಟ್‌ಗಳ ವಂಶಾವಳಿಯನ್ನು ಬೆಂಗಳೂರಲ್ಲೇ ಬಿಡಿಸುವ ಬಗೆ

ಮಲ್ಲೇಶ್ವರದ ಕಡೆ ತಾರಸಿಯ ಮೇಲೆ ಹಪ್ಪಳ ಒಣಹಾಕಿದವರಿಗೆ ಕೋತಿ ಹೊಸದಲ್ಲ. ಅದು ಹಪ್ಪಳವನ್ನು ಎರಡು ಬೆರಳಲ್ಲಿ ಎತ್ತಿ, ತಿರುಗಿಸಿ ನೋಡಿ, ಬಾಯಿಗಿಡುವ ರೀತಿ ಕಂಡು ‘ಥೇಟ್ ನಮ್ಮ ಹಾಗೇ’ ಅನ್ನುತ್ತೇವೆ. ಸರಿಯಾದ ಮಾತೇ. ಈಗ ಅದೇ ತಾರಸಿಯಿಂದ ಕೆಳಗೆ ನೋಡಿ. ತೆಂಗಿನ ಮರದಲ್ಲಿ ಅಳಿಲು, ಗೇಟಿನ ಪಕ್ಕ ನಾಯಿ, ಬೀದಿಯಲ್ಲಿ ಹಸು, ಮೋರಿಯ ಕಲ್ಲಿನಡಿ ಹೆಗ್ಗಣ. ಕೋತಿಯನ್ನು ಬಿಟ್ಟರೆ ಇವುಗಳಲ್ಲಿ ನಮಗೆ ಹತ್ತಿರದ ನಂಟರು ಯಾರು? ಹೆಚ್ಚಿನವರು ನಾಯಿ ಅನ್ನುತ್ತಾರೆ, ಕೆಲವರು ಹಸು ಅನ್ನುತ್ತಾರೆ. ಸರಿಯುತ್ತರ ಅಳಿಲು ಮತ್ತು ಹೆಗ್ಗಣ.

ಈ ಉತ್ತರ ಹೇಗೆ ಬರುತ್ತದೆ ಎಂಬುದನ್ನು ನೀವೇ ಹಂತಹಂತವಾಗಿ ಕಂಡುಕೊಳ್ಳಲು ಈ ಮಾರ್ಗದರ್ಶಿ. ಪ್ರೈಮೇಟ್ ಎಂದರೆ ಸಸ್ತನಿಗಳೊಳಗಿನ ಒಂದು ಗಣ. ಕಾಡುಪಾಪ (ಸ್ಲೆಂಡರ್ ಲೋರಿಸ್ ಎಂಬ ಪುಟ್ಟ ರಾತ್ರಿಪ್ರಾಣಿ), ಮಡಗಾಸ್ಕರ್‌ನ ಲೆಮೂರ್, ಕೋತಿ, ಮುಸುವ, ಗಿಬ್ಬನ್, ಗೊರಿಲ್ಲಾ, ಚಿಂಪಾಂಜಿ, ಮನುಷ್ಯ ಎಲ್ಲರೂ ಅದರಲ್ಲಿದ್ದಾರೆ. ಈ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಹೆಚ್ಚು ಉಪಯೋಗವಿಲ್ಲ. ಕೈ, ಕಣ್ಣು, ಮೂಗು, ಹಲ್ಲು, ಬಾಲ ನೋಡಿ ನಂಟು ಬಿಡಿಸಲು ಬಂದರೆ ವ್ಯಾಖ್ಯೆ ತಾನಾಗಿ ಕೂರುತ್ತದೆ.

ಬೇಕಾದ ಸಾಮಾನು

ಹಳೆಯ ಮದುವೆ ಪತ್ರಿಕೆಗಳು 12 (ಹಿಂಬದಿ ಖಾಲಿ ಇದ್ದರೆ ಸಾಕು), ಒಂದು ಸೀಸದ ಕಡ್ಡಿ, ಒಂದು ಕೈಗನ್ನಡಿ, ದರ್ಜಿಯವರು ಬಳಸುವ 150 ಸೆಂಟಿಮೀಟರಿನ ಟೇಪು. ಹೊರಗೆ ನೋಡಲು 8×40 ಅಥವಾ 8×42 ಬೈನಾಕ್ಯುಲರ್ ಸಿಕ್ಕರೆ ಒಳ್ಳೆಯದು. 10 ಪಟ್ಟಿನದು ಕೈಯಲ್ಲಿ ಹೆಚ್ಚು ಅಲುಗುತ್ತದೆ, ಓಡಾಡುವ ಕೋತಿಯನ್ನು ಹಿಡಿಯುವುದು ಕಷ್ಟ. ರಾತ್ರಿಗೆ ಟಾರ್ಚು, ಅದರ ಬಾಯಿಗೆ ಕಟ್ಟಲು ಕೆಂಪು ಜಿಲೇಟಿನ್ ಕಾಗದ. ಮನೆಯೊಳಗಿನ ಹಂತಗಳಿಗೆ ಒಂದು ಭಾನುವಾರದ ಬೆಳಗ್ಗೆ ಹಿಡಿಯುತ್ತದೆ.

ಪತ್ರಿಕೆಗಳ ಹಿಂದೆ ಒಂದೊಂದು ಹೆಸರು ಬರೆಯಿರಿ: ಮನುಷ್ಯ, ಕೋತಿ, ಕಾಡುಪಾಪ, ಅಳಿಲು, ಹೆಗ್ಗಣ, ಮೊಲ, ನಾಯಿ, ಬೆಕ್ಕು, ಹಸು, ಬಾವಲಿ, ಸೊಂಡಿಲಿ, ಆನೆ. ಎಲ್ಲವೂ ಸಸ್ತನಿಗಳೇ. ಮೈಮೇಲೆ ಕೂದಲು, ಮರಿಗೆ ಮೊಲೆಹಾಲು, ಕೆಳದವಡೆಯ ಪ್ರತಿ ಪಕ್ಕದಲ್ಲೂ ಒಂದೇ ಮೂಳೆ, ಒಳಕಿವಿಯ ದಾರಿಯಲ್ಲಿ ಮೂರು ಪುಟ್ಟ ಮೂಳೆಗಳು: ಇವು ಸಸ್ತನಿಯ ಗುರುತು. ಮೊಟ್ಟೆಯಿಡುವ ಪ್ಲಾಟಿಪಸ್ ಮತ್ತು ಎಕಿಡ್ನಾಗಳಿಗೂ (ಒಟ್ಟು 5 ಪ್ರಭೇದ) ಇವೆಲ್ಲ ಇವೆ. ಜಗತ್ತಿನಲ್ಲಿ ಸಸ್ತನಿಗಳ ಪ್ರಭೇದಗಳು ಸುಮಾರು 6,500. ಅದರಲ್ಲಿ ಶೇ 40ರಷ್ಟು ಇಲಿ-ಅಳಿಲಿನ ದಂಶಕ ಬಳಗ, 1,400ರಷ್ಟು ಬಾವಲಿಗಳು, 500ಕ್ಕೆ ಮೇಲ್ಪಟ್ಟು ಪ್ರೈಮೇಟ್‌ಗಳು. ನಾವು ದೊಡ್ಡ ಮನೆತನದವರೇ, ಆದರೆ ಅತಿ ದೊಡ್ಡ ಮನೆತನವಲ್ಲ.

ಮೊದಲು ಒಂದು ನಿಯಮ

ಇದನ್ನು ಬಿಟ್ಟು ಮುಂದೆ ಹೋದರೆ ಎಲ್ಲ ಹಂತವೂ ತಪ್ಪುತ್ತದೆ. ಎರಡು ಪ್ರಾಣಿಗಳ ನಡುವಿನ ಹೋಲಿಕೆ ಮೂರು ಬಗೆ.

ಒಂದು, ತೀರಾ ಹಳೆಯ ಆಸ್ತಿ. ನಮಗೆ ಐದು ಬೆರಳು, ಹಲ್ಲಿಗೂ ಐದು ಬೆರಳು. ಇದು ಸಸ್ತನಿಗಳು ಹುಟ್ಟುವ ಮೊದಲೇ ಇದ್ದದ್ದು. ಇಬ್ಬರು ಕನ್ನಡ ಮಾತಾಡುತ್ತಾರೆ ಎಂದ ಮಾತ್ರಕ್ಕೆ ಅಣ್ಣತಮ್ಮಂದಿರು ಎನ್ನಲಾದೀತೆ? ಎರಡು, ಬೇರೆ ಬೇರೆಯಾಗಿ ಗಳಿಸಿದ್ದು. ಕೆಲಸ ಒಂದೇ ಆದ್ದರಿಂದ ರೂಪವೂ ಒಂದೇ ಆಗಿದೆ. ಇಬ್ಬರು ಒಂದೇ ಬಣ್ಣದ ಅಂಗಿ ಹಾಕಿದ ಹಾಗೆ. ಮೂರು, ಒಬ್ಬ ಅಜ್ಜಿ ಹೊಸದಾಗಿ ಮಾಡಿಸಿದ ಒಡವೆ ಮೊಮ್ಮಕ್ಕಳಿಗಷ್ಟೇ ಬಂದದ್ದು. ನಂಟಿಗೆ ಸಾಕ್ಷಿ ಈ ಮೂರನೆಯದು ಮಾತ್ರ. ಪ್ರತಿ ಹಂತದಲ್ಲೂ ‘ಇದು ಹಳೆ ಆಸ್ತಿಯೋ, ಅಂಗಿಯೋ, ಅಜ್ಜಿಯ ಒಡವೆಯೋ’ ಎಂದು ಕೇಳಿಕೊಳ್ಳಿ.

ಹಂತ 1: ಕೈ

ನಿಮ್ಮ ಹೆಬ್ಬೆರಳ ತುದಿಯನ್ನು ಕಿರುಬೆರಳ ತುದಿಗೆ ಮುಟ್ಟಿಸಿ, ಮೆತ್ತೆಗೆ ಮೆತ್ತೆ ತಾಗುವಂತೆ. ಕೋತಿಗೂ ಹೆಬ್ಬೆರಳು ತಿರುಗುತ್ತದೆ, ಆದರೆ ಗಿಡ್ಡ. ಈಗ ಉಗುರು ನೋಡಿ: ಚಪ್ಪಟೆ, ಬೆರಳ ತುದಿಗೆ ಮುಚ್ಚಳದಂತೆ. ಕೋತಿಯದೂ ಹಾಗೇ. ನಾಯಿ, ಬೆಕ್ಕುಗಳದು ಬಾಗಿದ ಪಂಜದುಗುರು, ಹಸುವಿನದು ಗೊರಸು. ಮರ ಹತ್ತುವಾಗ ಬೆಕ್ಕು ಉಗುರು ಚುಚ್ಚಿ ಹತ್ತುತ್ತದೆ, ಕೋತಿ ಕೊಂಬೆಯನ್ನು ಹಿಡಿದು ಹತ್ತುತ್ತದೆ. ಸಣ್ಣ ಕೊಂಬೆಗಳ ತುದಿಯಲ್ಲಿ ಹಣ್ಣು, ಹೂ, ಹುಳ ಹುಡುಕುವ ಬದುಕಿಗೆ ಚುಚ್ಚುವುದಕ್ಕಿಂತ ಹಿಡಿಯುವುದೇ ಮೇಲು.

ಕೋತಿಯ ಕಾಲನ್ನೂ ನೋಡಿ. ಅದರ ಕಾಲಿನ ಹೆಬ್ಬೆಟ್ಟು ಪಕ್ಕಕ್ಕೆ ಚಾಚಿ ಕೊಂಬೆ ಹಿಡಿಯುತ್ತದೆ. ಪ್ರೈಮೇಟ್‌ಗಳಲ್ಲಿ ಈ ಹಿಡಿತ ಕಳೆದುಕೊಂಡವರು ನಾವೇ, ನೆಲದ ಮೇಲೆ ಎರಡು ಕಾಲಲ್ಲಿ ನಡೆಯುವ ಸಲುವಾಗಿ. ದಕ್ಷಿಣ ಅಮೆರಿಕದ ಮಾರ್ಮೊಸೆಟ್‌ಗಳ ಉಳಿದ ಬೆರಳುಗಳಿಗೆ ಪಂಜದಂಥ ಉಗುರಿದ್ದರೂ ಕಾಲಿನ ಹೆಬ್ಬೆಟ್ಟಿಗೆ ಚಪ್ಪಟೆ ಉಗುರು ಉಳಿದುಕೊಂಡಿದೆ. ಹಾಗಾಗಿ ಅನುಮಾನ ಬಂದರೆ ಕೈಗಿಂತ ಮೊದಲು ಕಾಲಿನ ಹೆಬ್ಬೆಟ್ಟು ನೋಡುವುದು ಒಳ್ಳೆಯದು.

ತಪ್ಪುವುದು ಎಲ್ಲಿ? ಕೊಆಲಾಗೂ ಹಿಡಿಯುವ ಕೈ ಇದೆ, ಬೆರಳಚ್ಚೂ ಇದೆ. ಅದು ಕಾಂಗರೂ ಕಡೆಯ ಸಂಚಿಪ್ರಾಣಿ, ನಮಗೆ ತೀರಾ ದೂರ. ಅಂಗಿಯ ಹೋಲಿಕೆ ಅಂದರೆ ಇದು.

ಇಷ್ಟಕ್ಕೇ ಬಿಡದೆ ಉಳಿದ ಪತ್ರಿಕೆಗಳ ಮೇಲೆ ಕೈಯ ವಿವರ ಬರೆದುಕೊಳ್ಳಿ. ಹಸು ನಡೆಯುವುದು ಮೂರನೇ ಮತ್ತು ನಾಲ್ಕನೇ ಬೆರಳ ತುದಿಯ ಮೇಲೆ. ನಾಯಿಯ ಮುಂಗಾಲಿನ ಒಳಬದಿಯಲ್ಲಿ ನೆಲ ಮುಟ್ಟದೆ ತೂಗುವ ಉಗುರೇ ಅದರ ಹೆಬ್ಬೆರಳು. ಬಾವಲಿಯ ರೆಕ್ಕೆ ಎಂದರೆ ಉದ್ದವಾದ ಬೆರಳುಗಳ ನಡುವೆ ಹರಡಿದ ಚರ್ಮ, ಹೆಬ್ಬೆರಳು ಮಾತ್ರ ಮೇಲೆ ಕೊಕ್ಕೆಯಂತೆ ಉಳಿದಿದೆ. ಅಳಿಲಿನ ಮುಂಗಾಲಲ್ಲಿ ಹೆಬ್ಬೆರಳು ಮೊಳಕೆಯಷ್ಟು ಚಿಕ್ಕದು. ಎಲ್ಲವೂ ಒಂದೇ ಹಳೆಯ ಐದು ಬೆರಳಿನ ಕೈಯ ರೂಪಾಂತರ. ಪ್ರೈಮೇಟ್ ಕೈ ಈ ವಿಷಯದಲ್ಲಿ ಹಳೆಯ ಸಂಪ್ರದಾಯಸ್ಥ: ಐದನ್ನೂ ಉಳಿಸಿಕೊಂಡಿದೆ, ಉಗುರನ್ನಷ್ಟೇ ಬದಲಿಸಿದೆ.

ಹಂತ 2: ಕಣ್ಣು

ಕಣ್ಣಿನ ಹೊರಬದಿಯಲ್ಲಿ, ಹುಬ್ಬಿನ ಕೊನೆಯಿಂದ ಕೆನ್ನೆಯ ಕಡೆ ಬೆರಳಾಡಿಸಿ. ಗಟ್ಟಿ ಮೂಳೆಯ ಕಂಬವೊಂದು ಸಿಗುತ್ತದೆ. ಸಾಕಿದ, ಒಗ್ಗಿದ ನಾಯಿ ಇದ್ದರೆ ಅದರ ಕಣ್ಣಿನ ಹಿಂದೆ ಅದೇ ಜಾಗವನ್ನು ಮೆಲ್ಲಗೆ ಮುಟ್ಟಿ. ಮೂಳೆಯ ಉಂಗುರ ಪೂರ್ತಿಯಾಗಿಲ್ಲ, ಖಾಲಿ ಜಾಗವನ್ನು ಗಟ್ಟಿ ನಾರು ಕಟ್ಟಿದೆ. ಎಲ್ಲ ಪ್ರೈಮೇಟ್‌ಗಳಿಗೂ ಕಣ್ಣುಗುಳಿಯ ಸುತ್ತ ಮೂಳೆಯ ಉಂಗುರ ಪೂರ್ಣ. ಕೋತಿ ಮತ್ತು ಮನುಷ್ಯರಲ್ಲಿ ಹಿಂದೆ ಗೋಡೆಯೂ ಇದೆ, ಕಾಡುಪಾಪದಲ್ಲಿ ಉಂಗುರ ಮಾತ್ರ.

ಆದರೆ ಹಸು, ಕುದುರೆಗಳಿಗೂ ಈ ಉಂಗುರ ಇದೆ. ಎರಡು ಕಣ್ಣೂ ಮುಂದಕ್ಕೆ ನೋಡುವುದು ಬೆಕ್ಕಿಗೂ ಇದೆ, ಗೂಬೆಗೂ ಇದೆ. ಒಂದೇ ಗುರುತನ್ನು ನಂಬಿ ತೀರ್ಮಾನಿಸಬಾರದು ಎನ್ನುವುದು ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಪ್ರೈಮೇಟ್ ಎಂಬುದು ಒಂದು ಗುರುತಿನ ಚೀಟಿಯಲ್ಲ, ಗುರುತುಗಳ ಕಟ್ಟು. ತಲೆಬುರುಡೆ ಕೈಗೆ ಸಿಕ್ಕ ತಜ್ಞರು ನಂಬುವ ಒಂದು ಮೂಳೆ ಇದೆ, ಕಿವಿಯ ತಳದ ಗುಳ್ಳೆ. ಪ್ರೈಮೇಟ್‌ಗಳಲ್ಲಿ ಅದು ಒಳಕಿವಿಯನ್ನು ಹೊತ್ತ ಮೂಳೆಯಿಂದಲೇ ಬೆಳೆದದ್ದು. ಹೊರಗಿನಿಂದ ನೋಡುವ ನಮಗೆ ಅದು ಕಾಣುವುದಿಲ್ಲ, ಪಳೆಯುಳಿಕೆ ಓದುವವರಿಗೆ ಅದೇ ಮುಖ್ಯ.

ರಾತ್ರಿ ಇನ್ನೊಂದು ಪರೀಕ್ಷೆ. ಬೀದಿಯ ಬೆಕ್ಕಿನ ಕಣ್ಣಿಗೆ ದೂರದಿಂದ ಬೆಳಕು ಬಿದ್ದರೆ ಹಸಿರಾಗಿ ಹೊಳೆಯುತ್ತದೆ. ಕಣ್ಣಿನ ಹಿಂಪರದೆಯಲ್ಲಿ ಕನ್ನಡಿಯಂಥ ಪದರ ಇರುವುದರಿಂದ. ಕಾಡುಪಾಪದ ಕಣ್ಣು ಕೆಂಡದಂತೆ ಹೊಳೆಯುತ್ತದೆ. ಕೋತಿಯ ಕಣ್ಣು ಹಾಗೆ ಹೊಳೆಯುವುದಿಲ್ಲ, ನಮ್ಮದೂ ಇಲ್ಲ. ಫ್ಲ್ಯಾಶ್ ಫೋಟೋದಲ್ಲಿ ನಮ್ಮ ಕಣ್ಣು ಕೆಂಪಾಗುವುದು ಒಳಗಿನ ರಕ್ತದ ಬಣ್ಣ, ಕನ್ನಡಿ ಪದರವಲ್ಲ. ಆ ಪದರ ಹೋದದ್ದು ಪ್ರೈಮೇಟ್ ಮನೆಯ ದೊಡ್ಡ ಪಾಲಾಗುವಿಕೆಯ ಗುರುತುಗಳಲ್ಲಿ ಒಂದು. ಬಣ್ಣದ ಮಾತೂ ಸೇರಿಸಿ: ನಾಯಿ, ಹಸುಗಳಿಗೆ ಎರಡೇ ಬಗೆಯ ಬಣ್ಣದ ಕೋಶ. ನಮಗೂ ಕೋತಿಗೂ ಮೂರು. ಸೀಬೆಮರದ ಹಸಿರೆಲೆಗಳ ನಡುವೆ ಹಣ್ಣಾದದ್ದನ್ನೇ ಆರಿಸುವ ಕೋತಿಯ ಜಾಣತನದಲ್ಲಿ ಇದರ ಪಾಲೂ ಇದೆ.

ಹಂತ 3: ಮೂಗು

ಚಿಕ್ಕ ಹಂತ, ಆದರೆ ಪ್ರೈಮೇಟ್‌ಗಳೊಳಗಿನ ಗಡಿ ಎಳೆಯುವುದು ಇಲ್ಲೇ. ನಾಯಿಯ ಮೂಗಿನ ತುದಿ ಒದ್ದೆ, ಮೇಲ್ದುಟಿಯವರೆಗೆ ಸೀಳು. ಕಾಡುಪಾಪದ್ದೂ ಲೆಮೂರ್‌ನದೂ ಹಾಗೇ ಒದ್ದೆ ಮೂಗು. ಕೋತಿಯದೂ ನಮ್ಮದೂ ಒಣಮೂಗು, ಮೇಲ್ದುಟಿ ಬಿಡುಬೀಸಾಗಿ ಅಲುಗುತ್ತದೆ. ಮುಖಭಾವ ಸಾಧ್ಯವಾದದ್ದು ಹೀಗೆ. ಒದ್ದೆ ಮೂಗಿನವರು ಒಂದು ಪಾಲು, ಒಣಮೂಗಿನವರು ಇನ್ನೊಂದು. ಆಗ್ನೇಯ ಏಷ್ಯಾದ ಟಾರ್ಸಿಯರ್ ಕಣ್ಣಿಗೆ ಕಾಡುಪಾಪದ ತಮ್ಮನಂತೆ ಕಂಡರೂ ಮೂಗು ಒಣ, ಕಣ್ಣಿನ ಕನ್ನಡಿಯೂ ಇಲ್ಲ. ಅದು ನಮ್ಮ ಪಾಲಿನದು.

ಒಣಮೂಗಿನವರು ಕಳೆದುಕೊಂಡ ಇನ್ನೊಂದು ವಸ್ತು ವಿಟಮಿನ್ ಸಿ. ಹಸು, ನಾಯಿ, ಹೆಗ್ಗಣ, ಕಾಡುಪಾಪ ಎಲ್ಲವೂ ಅದನ್ನು ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಟಾರ್ಸಿಯರ್, ಕೋತಿ, ಮನುಷ್ಯರಲ್ಲಿ ಅದಕ್ಕೆ ಬೇಕಾದ ಜೀನ್ ಕೆಟ್ಟುಹೋಗಿದೆ. ನೆಲ್ಲಿಕಾಯಿ, ನಿಂಬೆಹಣ್ಣು ಬೇಕಾದದ್ದು ಅದಕ್ಕೇ. ಗಿನಿಯಿಲಿಯಲ್ಲೂ ಅದು ಕೆಟ್ಟಿದೆ, ಆದರೆ ಬೇರೆಯಾಗಿ ಕೆಟ್ಟದ್ದು. ಕಳೆದುಕೊಳ್ಳುವುದರಲ್ಲೂ ಅಂಗಿಯ ಹೋಲಿಕೆ ಇರುತ್ತದೆ.

ಒಣಮೂಗಿನವರಲ್ಲೇ ಮತ್ತೊಂದು ಗಡಿ. ಕೈಗನ್ನಡಿಯಲ್ಲಿ ನೋಡಿ, ನಿಮ್ಮ ಮೂಗಿನ ಹೊಳ್ಳೆಗಳು ಹತ್ತಿರ ಹತ್ತಿರ, ಕೆಳಮುಖ. ಆಫ್ರಿಕಾ-ಏಷ್ಯಾದ ಕೋತಿಗಳದೂ ಹಾಗೇ. ದಕ್ಷಿಣ ಅಮೆರಿಕದ ಕೋತಿಗಳ ಹೊಳ್ಳೆಗಳು ಅಗಲ, ಪಕ್ಕಕ್ಕೆ ತೆರೆದವು.

ಹಂತ 4: ಹಲ್ಲು

ಅತ್ಯಂತ ಹೆಚ್ಚು ಸುಳಿವು ಇರುವುದೂ, ಅತ್ಯಂತ ಸುಲಭವಾಗಿ ಮೋಸಹೋಗುವುದೂ ಇಲ್ಲೇ. ನಿಧಾನವಾಗಿ ಮಾಡಿ.

ಕನ್ನಡಿ ಹಿಡಿದು ಮೇಲಿನ ಸಾಲಿನ ನಟ್ಟನಡುವಿನಿಂದ ಒಂದು ಪಕ್ಕಕ್ಕೆ ಎಣಿಸಿ: ಬಾಚಿಹಲ್ಲು 2, ಕೋರೆಹಲ್ಲು 1, ಮುಂದವಡೆ ಹಲ್ಲು 2, ಹಿಂದವಡೆ ಹಲ್ಲು 3. ಬುದ್ಧಿಹಲ್ಲು ಬಂದಿರದಿದ್ದರೆ ಅಥವಾ ಕೀಳಿಸಿದ್ದರೆ ಕೊನೆಯದು 2 ಬರುತ್ತದೆ, ಅದನ್ನು ಸೇರಿಸಿಕೊಳ್ಳಿ. ಒಂದು ಕಾಲುಭಾಗಕ್ಕೆ 8, ನಾಲ್ಕಕ್ಕೆ 32. ನಮ್ಮ ಕೋತಿಗೂ ಇದೇ 2-1-2-3. ಲಂಗೂರ್ ಮುಸುವ, ಬಬೂನ್, ಗಿಬ್ಬನ್, ಗೊರಿಲ್ಲಾ ಎಲ್ಲರಿಗೂ ಇದೇ ಲೆಕ್ಕ. ಇದು ಅಜ್ಜಿಯ ಒಡವೆ: ಹಳೆಯ ಪ್ರಪಂಚದ (ಆಫ್ರಿಕಾ-ಏಷ್ಯಾದ) ಕೋತಿಗಳು ಮತ್ತು ಬಾಲವಿಲ್ಲದ ಕಪಿಗಳ ಪೂರ್ವಜರಲ್ಲಿ ಒಂದು ಮುಂದವಡೆ ಹಲ್ಲು ಕಡಿಮೆಯಾಗಿ ಉಳಿದದ್ದು.

ಈಗ ಮೋಸ ನೋಡಿ. ಹಸುವಿನ ಹಲ್ಲುಗಳೂ 32! ಸಂಖ್ಯೆ ಮಾತ್ರ ಬರೆದುಕೊಂಡವರು ಹಸುವನ್ನು ನಮ್ಮ ಪಕ್ಕಕ್ಕೆ ತಂದು ಕೂರಿಸುತ್ತಾರೆ. ಆದರೆ ಹಸುವಿಗೆ ಮೇಲೆ ಬಾಚಿಹಲ್ಲೇ ಇಲ್ಲ, ಕೋರೆಯೂ ಇಲ್ಲ, ಅಲ್ಲಿರುವುದು ಗಟ್ಟಿ ವಸಡು. ಮೇಲೆ ಪ್ರತಿ ಪಕ್ಕ 0-0-3-3, ಕೆಳಗೆ 3-1-3-3. ಕೂಡಿದಾಗ 32 ಆದದ್ದು ಕಾಕತಾಳೀಯ. ಆದ್ದರಿಂದ ಒಟ್ಟು ಸಂಖ್ಯೆಯೊಂದನ್ನೇ ನಂಬಬೇಡಿ, ಜೋಡಣೆಯನ್ನೂ ನೋಡಿ.

ಉಳಿದ ಪತ್ರಿಕೆಗಳಿಗೆ ಲೆಕ್ಕ ಹೀಗೆ. ಗರ್ಭದಲ್ಲಿ ಮಾಸು ಬೆಳೆಸುವ ಸಸ್ತನಿಗಳ ಮೂಲ ಬಾಯಿಯಲ್ಲಿ 3-1-4-3, ಒಟ್ಟು 44. ಹಂದಿ ಇಂದಿಗೂ ಅಷ್ಟನ್ನೂ ಇಟ್ಟುಕೊಂಡಿದೆ. ನಾಯಿಗೆ 42, ಬೆಕ್ಕಿಗೆ 30. ಹೆಗ್ಗಣಕ್ಕೆ 1-0-0-3, ಅಂದರೆ 16 ಮಾತ್ರ: ಉಳಿಯಂಥ ಬಾಚಿಹಲ್ಲು, ಆಮೇಲೆ ಉದ್ದ ಖಾಲಿ ಜಾಗ, ಹಿಂದೆ ಅರೆಯುವ ಕಲ್ಲು. ಕಾಡುಪಾಪಕ್ಕೆ 2-1-3-3, ಒಟ್ಟು 36. ಅದರ ಕೆಳಗಿನ ಮುಂದಿನ ಹಲ್ಲುಗಳು ಮುಂದಕ್ಕೆ ಚಾಚಿ ಬಾಚಣಿಗೆಯಾಗಿವೆ, ಕೂದಲು ಬಾಚಿಕೊಳ್ಳಲು. ಕಾಲಿನ ಎರಡನೇ ಬೆರಳಿನಲ್ಲಿ ಕೆರೆದುಕೊಳ್ಳುವ ಪಂಜದುಗುರನ್ನೂ ಉಳಿಸಿಕೊಂಡಿದೆ. ದಕ್ಷಿಣ ಅಮೆರಿಕದ ಕ್ಯಾಪುಚಿನ್ ಕೋತಿಗೂ 2-1-3-3.

ನಾಲಿಗೆಯಿಂದಲೇ ಮಾಡಬಹುದಾದ ಇನ್ನೊಂದು ಪರೀಕ್ಷೆ ಇದೆ. ಕೆಳಗಿನ ಮೊದಲ ಹಿಂದವಡೆ ಹಲ್ಲಿನ ಮೇಲೆ ನಾಲಿಗೆಯಾಡಿಸಿ, ಗುಬುಟುಗಳನ್ನು ಎಣಿಸಿ. ಸಾಮಾನ್ಯವಾಗಿ ಐದು, ನಡುವೆ ಕವಲೊಡೆದ ಕಾಲುವೆ. ಇದು ಗಿಬ್ಬನ್‌ನಿಂದ ಗೊರಿಲ್ಲಾವರೆಗಿನ ಬಾಲವಿಲ್ಲದ ಬಳಗದ ಗುರುತು. ಕೋತಿಗೆ ನಾಲ್ಕೇ ಗುಬುಟು, ಎರಡು ಏಣುಗಳಾಗಿ ಸಾಲುಗೂಡಿವೆ. ಸವೆದ ಹಲ್ಲು, ಸಿಮೆಂಟ್ ತುಂಬಿದ ಹಲ್ಲು, ಕ್ಯಾಪ್ ಹಾಕಿಸಿದ ಹಲ್ಲಿನಲ್ಲಿ ಎಣಿಸಲು ಹೋಗಬೇಡಿ. ಹತ್ತನ್ನೆರಡು ವರ್ಷದ ಮಕ್ಕಳ ಬಾಯಲ್ಲಿ ಚೆನ್ನಾಗಿ ಕಾಣುತ್ತದೆ.

ಹಲ್ಲು ನಂಬಿ ತಜ್ಞರೂ ಎಡವಿದ್ದಿದೆ. 1932ರಲ್ಲಿ ಹಿಮಾಚಲದ ಹರಿತಲ್ಯಾಂಗರ್ ಬಳಿಯ ಶಿವಾಲಿಕ್ ಪದರಗಳಲ್ಲಿ ಒಂದು ಮೇಲ್ದವಡೆಯ ತುಂಡು ಸಿಕ್ಕಿತು. ರಾಮಾಪಿಥೆಕಸ್ ಎಂಬ ಹೆಸರು ಪಡೆದ ಅದನ್ನು ಮನುಷ್ಯರ ನೇರ ಪೂರ್ವಜನೆಂದು ಬಹುಕಾಲ ಓದಿಸಲಾಯಿತು. ಹೆಚ್ಚು ಪೂರ್ಣವಾದ ಮುಖದ ಮೂಳೆಗಳು ಸಿಕ್ಕ ಮೇಲೆ, 1980ರ ದಶಕದ ಹೊತ್ತಿಗೆ, ಅದು ಶಿವಾಪಿಥೆಕಸ್ ಎಂಬ ಹಳೆಯ ಕಪಿಯ ಗುಂಪಿನೊಳಗೇ ಸೇರಿತು, ಒರಾಂಗುಟಾನ್ ಕಡೆಯ ಕೊಂಬೆಗೆ ಹೋಯಿತು. ಮುರಿದ ತುಂಡನ್ನು ಮನಸ್ಸಲ್ಲೇ ಪೂರ್ತಿ ಮಾಡಿಕೊಂಡರೆ ಹೀಗಾಗುತ್ತದೆ. ಹಳೆಯ ಪಠ್ಯ ಓದಿದವರು ಮನೆಯಲ್ಲಿದ್ದರೆ ಈ ಹೆಸರು ಇನ್ನೂ ಕೇಳಿಬರುತ್ತದೆ.

ಹಂತ 5: ಬಾಲ, ಹೊಟ್ಟೆ, ಬಸಿರು

ಬಾಲ ಇಲ್ಲದ್ದು ನಮಗೆ ಹತ್ತಿರ ಎಂಬ ಸುಲಭ ಸೂತ್ರ ಅರ್ಧ ಮಾತ್ರ ಸರಿ. ಗಿಬ್ಬನ್, ಒರಾಂಗುಟಾನ್, ಗೊರಿಲ್ಲಾ, ಚಿಂಪಾಂಜಿ, ಬೊನೊಬೊ, ಮನುಷ್ಯರಿಗೆ ಹೊರಬಾಲ ಇಲ್ಲ. ಇವರ ಪೂರ್ವಜರಲ್ಲಿ ಟಿಬಿಎಕ್ಸ್‌ಟಿ ಎಂಬ ಜೀನ್‌ನೊಳಗೆ ಹೊಕ್ಕ ಒಂದು ಚಿಕ್ಕ ಡಿಎನ್‌ಎ ತುಣುಕು ಬಾಲ ಹೋಗಲು ಕಾರಣವಾಗಿರಬೇಕು ಎಂದು 2024ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿದೆ. ಆದರೆ ಕಾಡುಪಾಪಕ್ಕೂ ಬಾಲ ಕಾಣುವುದಿಲ್ಲ, ಉತ್ತರ ಆಫ್ರಿಕಾದ ಬಾರ್ಬರಿ ಮಕಾಕ್ ಕೋತಿಗೂ ಇಲ್ಲ. ಅವು ಬೇರೆ ಬೇರೆಯಾಗಿ ಕಳೆದುಕೊಂಡವು. ಕನ್ನಡದಲ್ಲಿ ಕೋತಿ, ಮಂಗ, ಕಪಿ, ವಾನರ ಎಲ್ಲವನ್ನೂ ಒಂದೇ ಅರ್ಥದಲ್ಲಿ ಬಳಸುವುದರಿಂದ ಗೊಂದಲ ಇನ್ನೂ ಹೆಚ್ಚು. ಚಿಂಪಾಂಜಿಯನ್ನು ‘ಕೋತಿ’ ಅನ್ನಬೇಡಿ. ಅದು ಕೋತಿಗಿಂತ ನಮಗೆ ಹತ್ತಿರ.

ಹೊಟ್ಟೆಯ ವಿಷಯದಲ್ಲಿ ಒಂದು ಸೊಗಸಾದ ಉದಾಹರಣೆ ಇದೆ. ಮುಸುವ ಎಲೆ ತಿನ್ನುತ್ತದೆ, ಅದರ ಹೊಟ್ಟೆ ಹಸುವಿನಂತೆ ಕೋಣೆಗಳಾಗಿ ಒಡೆದಿದೆ, ಬ್ಯಾಕ್ಟೀರಿಯಾಗಳು ಎಲೆಯನ್ನು ಹುಳಿಸುತ್ತವೆ. ಆ ಬ್ಯಾಕ್ಟೀರಿಯಾಗಳನ್ನು ಜೀರ್ಣಿಸುವ ಲೈಸೊಜೈಮ್ ಎಂಬ ಕಿಣ್ವ ಕೂಡ ಹಸುವಿನದಕ್ಕೆ ಹೋಲುವಂತೆ ಬದಲಾಗಿದೆ. ಹಾಗೆಂದು ಮುಸುವ ಹಸುವಿನ ನಂಟನಲ್ಲ. ಅಂಗಿ ಒಂದೇ, ಮನೆ ಬೇರೆ. ನಮ್ಮೂರ ಕೋತಿಗೆ ಈ ಹೊಟ್ಟೆ ಇಲ್ಲ, ಬದಲಿಗೆ ಕೆನ್ನೆಚೀಲ ಇದೆ: ಕದ್ದ ಕಡಲೆಕಾಯಿಯನ್ನು ತುಂಬಿಕೊಂಡು ಓಡಿ, ಆಮೇಲೆ ಸಾವಕಾಶವಾಗಿ ತಿನ್ನಲು.

ಬಸಿರಿನ ಲೆಕ್ಕ ಇನ್ನೂ ಬೆರಗಿನದು. ಕಾಡುಪಾಪದ ತೂಕ 200ರಿಂದ 300 ಗ್ರಾಂ, ದೊಡ್ಡ ಹೆಗ್ಗಣಕ್ಕಿಂತ ಕಡಿಮೆ. ಹೆಗ್ಗಣ ಮೂರು ವಾರದ ಆಸುಪಾಸಿನಲ್ಲಿ ಐದಾರು ಮರಿ ಹಾಕುತ್ತದೆ. ಕಾಡುಪಾಪ ಐದೂವರೆ ತಿಂಗಳು ಹೊತ್ತು ಹಾಕುವುದು ಒಂದು ಅಥವಾ ಎರಡು. ಕೋತಿಯೂ ಸುಮಾರು ಐದೂವರೆ ತಿಂಗಳು ಹೊತ್ತು ಒಂದು ಮರಿ ಹಾಕುತ್ತದೆ. ನಿಧಾನ ಬದುಕು, ಕಡಿಮೆ ಮಕ್ಕಳು, ದೀರ್ಘ ಸಾಕಣೆ ಪ್ರೈಮೇಟ್ ಮನೆತನದ ರೂಢಿ. ಕಾಡು ಕಡಿದಾಗ ಇಲಿಗಳು ಚೇತರಿಸಿಕೊಂಡು ಪ್ರೈಮೇಟ್‌ಗಳು ಚೇತರಿಸಿಕೊಳ್ಳದಿರಲು ಇದೂ ಕಾರಣ.

ಹಂತ 6: ಪತ್ರಿಕೆಗಳನ್ನು ಜೋಡಿಸುವುದು

ನೆಲದ ಮೇಲೆ ಹರಡಿ, ಈ ಕ್ರಮದಲ್ಲಿ ಜೋಡಿಸಿ.

ಮೊದಲು ಮನುಷ್ಯ ಮತ್ತು ಕೋತಿ ಒಂದು ಜೋಡಿ. ಒಣಮೂಗು, 2-1-2-3. ಅದಕ್ಕೆ ಹೊರಗಿನಿಂದ ಕಾಡುಪಾಪವನ್ನು ಸೇರಿಸಿ. ಪ್ರೈಮೇಟ್ ಮನೆ ಮುಗಿಯಿತು.

ಹೆಗ್ಗಣ ಮತ್ತು ಅಳಿಲು ಒಂದು ಜೋಡಿ, ಅದಕ್ಕೆ ಮೊಲ. ಮೊಲಕ್ಕೂ ಜೀವನಪೂರ್ತಿ ಬೆಳೆಯುವ ಬಾಚಿಹಲ್ಲು, ಆದರೆ ಮೇಲಿನ ಬಾಚಿಹಲ್ಲಿನ ಹಿಂದೆ ಇನ್ನೊಂದು ಪುಟ್ಟ ಜೋಡಿ ಇರುವುದರಿಂದ ಅದು ದಂಶಕವಲ್ಲ, ಪಕ್ಕದ ಮನೆ. ಈ ಮೂರರ ಗುಂಪನ್ನು ಪ್ರೈಮೇಟ್ ಗುಂಪಿಗೆ ಕಟ್ಟಿ. ಹೆಚ್ಚಿನವರಿಗೆ ಕೈ ಬರದಿರುವುದು ಇಲ್ಲೇ. ಈ ಗಂಟನ್ನು ಹಲ್ಲು, ಉಗುರುಗಳಿಂದ ಬಿಡಿಸಲು ಆಗುವುದಿಲ್ಲ, ಡಿಎನ್‌ಎ ಹೋಲಿಕೆಯಿಂದ ಬಿಡಿಸಿದ್ದು. ಆಗ್ನೇಯ ಏಷ್ಯಾದಲ್ಲಿ ಮರದಿಂದ ಮರಕ್ಕೆ ತೇಲುವ ಕೊಲುಗೊ ಮತ್ತು ನಮ್ಮ ದಕ್ಷಿಣ ಭಾರತದ ಗುಡ್ಡಗಳಲ್ಲೂ ಇರುವ, ಅಳಿಲಿನಂತೆ ಕಾಣುವ ಟ್ರೀ ಶ್ರೂ ಇದೇ ಗುಂಪಿನವು. ಪ್ರೈಮೇಟ್‌ಗಳಿಗೆ ಅತಿ ಹತ್ತಿರದ್ದು ಕೊಲುಗೊ.

ನಾಯಿ ಮತ್ತು ಬೆಕ್ಕು ಒಂದು ಜೋಡಿ. ಹಸು, ಬಾವಲಿಗಳನ್ನು ಅದೇ ಕಡೆ ಇಡಿ. ಇವುಗಳ ಒಳಗಿನ ಕ್ರಮಕ್ಕೆ ತಲೆ ಕೆಡಿಸಿಕೊಳ್ಳದೆ ಒಂದೇ ಗಂಟಿಗೆ ಕಟ್ಟಿ. ಆ ಗಂಟಿನ ಹೊರಗೆ ಸೊಂಡಿಲಿ. ಹೆಸರಲ್ಲಿ ಇಲಿ ಇದ್ದರೂ ಅದು ಇಲಿಯಲ್ಲ. ಚೂಪು ಮೂತಿ, ಸಾಲಾಗಿ ಚೂಪಾದ ಸಣ್ಣ ಹಲ್ಲು, ಕಟುವಾಸನೆ, ಆಹಾರ ಹುಳಹುಪ್ಪಟೆ. ಅದಕ್ಕೆ ಇಲಿಬೋನು ಇಟ್ಟು ಹಿಡಿಯುವವರು ಜಿರಲೆ ತಿನ್ನುವ ನೆಂಟನನ್ನೇ ಓಡಿಸಿದಂತೆ. ಆನೆ ಈ ಎರಡೂ ಗುಂಪುಗಳ ಹೊರಗಿನ ಕೊಂಬೆ, ಆಫ್ರಿಕಾ ಮೂಲದ್ದು. ನೀರಲ್ಲಿರುವ ಕಡಲ್ದನ ಅದರ ದಾಯಾದಿ.

ಬಾವಲಿಯನ್ನು ಪ್ರೈಮೇಟ್ ಪಕ್ಕ ಇಟ್ಟಿದ್ದೀರಾ? ನಾಚಿಕೆಪಡಬೇಕಿಲ್ಲ. 1758ರಲ್ಲಿ ಪ್ರೈಮೇಟ್ ಎಂಬ ಹೆಸರು ಕೊಟ್ಟ, ಜೀವಿಗಳನ್ನು ವರ್ಗೀಕರಿಸಿದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಕೂಡ ಬಾವಲಿಯನ್ನು ಅದರೊಳಗೇ ಇಟ್ಟಿದ್ದ. ಅವನ ಲೆಕ್ಕದಲ್ಲಿ ಮೇಲೆ ನಾಲ್ಕು ಬಾಚಿಹಲ್ಲು, ಎದೆಯಲ್ಲಿ ಎರಡು ಮೊಲೆ ಇದ್ದರೆ ಪ್ರೈಮೇಟ್. ಎದೆಯಲ್ಲಿ ಎರಡು ಮೊಲೆ ಆನೆಗೂ ಇದೆ. ಪ್ರೈಮೇಟ್ ಎಂದರೆ ‘ಮೊದಲ ದರ್ಜೆಯವರು’ ಎಂದರ್ಥ. ಆ ಹೆಸರಿನ ಜಂಬ ಇಂದಿಗೂ ಹೋಗಿಲ್ಲ, ಬಾವಲಿ ಮಾತ್ರ ಹೊರಗೆ ಹೋಯಿತು.

ಜೋಡಿಸಿದ ಮೇಲೆ ಓದುವುದು ಹೇಗೆ? ಎಡದಿಂದ ಬಲಕ್ಕೆ ಓದಬೇಡಿ. ‘ಮಂಗನಿಂದ ಮಾನವ’ ಎಂಬ ಸಾಲುಚಿತ್ರ ಮಾಡಿದ ಹಾನಿ ದೊಡ್ಡದು. ಎರಡು ಪತ್ರಿಕೆಗಳ ನಡುವಿನ ದೂರವನ್ನು ಅವು ಸೇರುವ ಗಂಟು ಎಷ್ಟು ಹಿಂದಿದೆ ಎಂಬುದರಿಂದ ಓದಿ. ಇಂದಿನ ಚಿಂಪಾಂಜಿ ನಮ್ಮ ಅಜ್ಜನಲ್ಲ, ದೊಡ್ಡಪ್ಪನ ಮಗ. ಅಜ್ಜ ಇಬ್ಬರಿಗೂ ಒಬ್ಬನೇ, ಈಗ ಇಲ್ಲ.

ಹಂತ 7: ಟೇಪಿನ ಮೇಲೆ ಕಾಲ

10 ಲಕ್ಷ ವರ್ಷಕ್ಕೆ 1 ಸೆಂಟಿಮೀಟರ್. ಸೊನ್ನೆ ಎಂದರೆ ಇಂದು. ನಮ್ಮ ಪ್ರಭೇದದ ವಯಸ್ಸು 3 ಮಿಲಿಮೀಟರ್. ಚಿಂಪಾಂಜಿಯ ಕೊಂಬೆ ಬೇರೆಯಾದದ್ದು 6ರಿಂದ 7 ಸೆಂಟಿಮೀಟರಿನಲ್ಲಿ, ಒರಾಂಗುಟಾನ್ 14ರ ಹತ್ತಿರ, ಕೋತಿಯ ಕೊಂಬೆ 25ರಿಂದ 30ರ ನಡುವೆ. 54-55ರ ಬಳಿ ಒಂದು ಗುರುತು ಹಾಕಿ: ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸಿಕ್ಕ ಪುಟ್ಟ ಪ್ರೈಮೇಟ್ ದವಡೆಗಳ ಕಾಲ. 66ರಲ್ಲಿ ಡೈನೋಸಾರ್‌ಗಳ ಅಂತ್ಯ. ಸಸ್ತನಿಗಳ ಮೊದಲ ಹೆಜ್ಜೆ 200ರ ಆಚೆ, ನಿಮ್ಮ ಟೇಪು ಅಲ್ಲಿಗೆ ಮುಟ್ಟುವುದೇ ಇಲ್ಲ. ಕೊಂಬೆ ಒಡೆದ ಈ ಅಳತೆಗಳು ಅಂದಾಜು, ಒಂದೆರಡು ಸೆಂಟಿಮೀಟರ್ ಆಚೀಚೆ ಬರೆದ ಪುಸ್ತಕ ಸಿಕ್ಕರೆ ಗಾಬರಿ ಬೇಡ.

ಹಂತ 8: ಹೊರಗೆ ಹೋಗಿ ನೋಡುವುದು

ಕೋತಿಗೆ ನಂದಿಬೆಟ್ಟ ಅನುಕೂಲ, ಊರಿಂದ ಸುಮಾರು 60 ಕಿಲೋಮೀಟರ್. ಬೆಳಗ್ಗೆ ಬೇಗ ಹೋಗಿ. ಅಲ್ಲಿರುವುದು ಬಾನೆಟ್ ಮಕಾಕ್, ನೆತ್ತಿಯ ಕೂದಲು ಸುಳಿಯಿಂದ ಹರಡಿ ಟೋಪಿಯಂತೆ ಕೂತಿರುತ್ತದೆ, ಬಾಲ ಮೈಯಷ್ಟೇ ಅಥವಾ ಅದಕ್ಕೂ ಉದ್ದ. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಉತ್ತರದ ರೀಸಸ್ ಕೋತಿಗೆ ಟೋಪಿ ಇಲ್ಲ, ಬಾಲ ಗಿಡ್ಡ, ಸೊಂಟದ ಹಿಂಬದಿ ಕೇಸರಿ. ತಿಂಡಿ, ಪ್ಲಾಸ್ಟಿಕ್ ಚೀಲ ಕೈಯಲ್ಲಿ ಬೇಡ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಬಾಯಿ ತೆರೆದು ದುರುಗುಟ್ಟಿದರೆ ಅದು ಬೆದರಿಕೆ. ಹಲ್ಲು ಕಿರಿದರೆ ನಗುವೆಂದು ತಿಳಿದು ಹತ್ತಿರ ಹೋಗುವುದೇ ಕಚ್ಚಿಸಿಕೊಳ್ಳುವ ದಾರಿ.

ದಕ್ಷಿಣ ಅಮೆರಿಕದ ಅಗಲಮೂಗು ನೋಡಬೇಕೆಂದರೆ ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ 2025ರ ಜುಲೈನಲ್ಲಿ ದಕ್ಷಿಣ ಆಫ್ರಿಕಾದಿಂದ 8 ಕ್ಯಾಪುಚಿನ್ ಕೋತಿಗಳು ಬಂದಿವೆ. ಗೊರಿಲ್ಲಾ, ಒರಾಂಗುಟಾನ್ ಬೇಕೆಂದರೆ ಮೈಸೂರು ಮೃಗಾಲಯಕ್ಕೇ ಹೋಗಬೇಕು, 2021ರಲ್ಲಿ ಅಲ್ಲಿಗೆ ಬಂದವು. ಎರಡಕ್ಕೂ ಮಂಗಳವಾರ ರಜೆ. ಭಾರತದ ಕಾಡಿನಲ್ಲಿ ಬಾಲವಿಲ್ಲದ ಕಪಿ ಎಂದರೆ ಈಶಾನ್ಯದ ಹೂಲಾಕ್ ಗಿಬ್ಬನ್ ಮಾತ್ರ. ನಮ್ಮ ಪಶ್ಚಿಮಘಟ್ಟದ ಸಿಂಗಳೀಕವಾದರೋ ಕೋತಿಯ ಬಳಗದ್ದು.

ಕಾಡುಪಾಪ ಬೆಂಗಳೂರಿನೊಳಗೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಂಥ ಹಳೆಯ ಮರಗಳಿರುವ ಆವರಣಗಳಲ್ಲಿ ಉಳಿದುಕೊಂಡಿದೆ. ಅದು ನೆಗೆಯಲಾರದು, ಕೊಂಬೆಯಿಂದ ಕೊಂಬೆಗೆ ಹಿಡಿದೇ ದಾಟಬೇಕು. ನಡುವೆ ಒಂದು ಮರ ಕಡಿದರೆ ಅದಕ್ಕೆ ರಸ್ತೆಯೇ ತುಂಡಾದಂತೆ. ನೋಡಲು ಆವರಣದವರ ಅನುಮತಿ ಪಡೆದು, ಕೆಂಪು ಕಾಗದ ಕಟ್ಟಿದ ಟಾರ್ಚಿನಲ್ಲಿ, ಕೆಲವೇ ನಿಮಿಷ ನೋಡಿ ಬಿಡಿ. ಬಿಳಿ ಬೆಳಕು ಆ ಕಣ್ಣಿಗೆ ಹಿಂಸೆ. ಕಂಡ ಮರದ ಗುರುತನ್ನು ವಾಟ್ಸ್ಯಾಪ್‌ನಲ್ಲಿ ಹಂಚಬೇಡಿ, ಮಾಟಮಂತ್ರಕ್ಕೆಂದು ಹಿಡಿಯುವವರು ಇಂದಿಗೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು, ಸಾಕುವುದು ಅಪರಾಧ.

ಕಚ್ಚಿದರೆ

ರೇಬೀಸ್ ಯಾವ ಸಸ್ತನಿಯಿಂದಲೂ ಬರಬಹುದು, ನಾಯಿಯಿಂದ ಮಾತ್ರವಲ್ಲ. ಕೋತಿ ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ, ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಯೇ ತೊಳೆಯಿರಿ, ಅಂದಾಜಿನ 15 ನಿಮಿಷ ಸಾಮಾನ್ಯವಾಗಿ ಮೂರೇ ನಿಮಿಷ. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ. ಮೊದಲ ಚುಚ್ಚುಮದ್ದಿಗೇ ನಿಲ್ಲಿಸದೆ ಹೇಳಿದ ದಿನಗಳಂದು ಎಲ್ಲವನ್ನೂ ಹಾಕಿಸಿಕೊಳ್ಳಿ.

ಮಲೆನಾಡಿಗೆ ಸಿಂಗಳೀಕ, ಮುಸುವ ನೋಡಲು ಹೋಗುವವರಿಗೆ ಇನ್ನೊಂದು ಮಾತು. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಹರಡುವುದು ಉಣುಗಿನಿಂದ. ಮುಸುವ, ಕೋತಿ, ಮನುಷ್ಯ ಮೂವರಿಗೂ ತಗುಲುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ಕಾಡಿಗೆ ಹೋಗುವಾಗ ಉದ್ದ ಪ್ಯಾಂಟು, ಕಾಲುಚೀಲದೊಳಗೆ ಅದರ ತುದಿ, ಬಂದ ಮೇಲೆ ಬಿಸಿನೀರ ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಕೋತಿ ಕಂಡರೆ ಹಲ್ಲು ಎಣಿಸುವ ಆಸೆಯಿಂದ ಹತ್ತಿರ ಹೋಗಬೇಡಿ, ಮೈ ಬಿಟ್ಟು ಇಳಿದ ಉಣುಗುಗಳು ಅಲ್ಲೇ ಸುತ್ತ ಇರುತ್ತವೆ. ಜಾಗ ಗುರುತಿಟ್ಟುಕೊಂಡು ಅರಣ್ಯ ಇಲಾಖೆಗೋ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಿ.